ಕೆಂಪು ದಾರದ ಬಾಣ

ತಂಬೂರು ಎಂಬ ಊರಿನ ಮಲಿಕಾಬಿಯ ಕಣ್ಣು ಕಟ್ಟಿ ಅಂಗೈ ಮೇಲೊಂದು ಬಾಣ ಇಡಿ, ಇಷ್ಟೇ ಗ್ರಾಂ ಎಂದು ಹೇಳುತ್ತಾಳೆ. ತಪ್ಪಿದರೆ ಒಂದೆರಡು ಗ್ರಾಂ ಆಚೀಚೆ, ಅಷ್ಟೇ. ಬಿದಿರ ಕಡ್ಡಿ ಆರಿಸಿ, ಬೆಂಕಿಗೆ ಹಿಡಿದು ನೆಟ್ಟಗೆ ಮಾಡಿ, ಕೋಳಿಗರಿ ಅಂಟಿಸಿ, ಕಬ್ಬಿಣದ ಮೊನೆ ಕೂರಿಸುವುದರಲ್ಲೇ ಅವಳ ಐವತ್ನಾಲ್ಕು ವರ್ಷದ ಆಯುಷ್ಯ ಕಳೆದಿದೆ. ಬಿಲ್ಲುಗಾರಿಕೆ ಕಲಿಯುವ ಹುಡುಗರು ಧಾರವಾಡ, ಹಳಿಯಾಳದಿಂದ ಅವಳ ಮನೆ ಹುಡುಕಿಕೊಂಡು ಬರುತ್ತಾರೆ. "ಬಿಲ್ಲು ಯಾರರ ಮಾಡ್ತಾರ. ಬಾಣ ಮಾಡೂದು ಖರೇ ಕಸಬು" ಎಂದು ಅವರೆದುರು ಜಂಬ ಕೊಚ್ಚುತ್ತಾಳೆ. ಕೊಚ್ಚಲಿ ಬಿಡಿ, ಸುಳ್ಳೇನಲ್ಲವಲ್ಲ.

ಈ ವಿದ್ಯೆ ಅಪ್ಪ ಮಾಬುಸಾಬನದು. ಬೇಟೆ ಅಪರಾಧವೆಂದು ಕಾನೂನು ಬಂದಾಗ ಆತ ಕಾಡಿಗೆ ಹೋಗುವುದನ್ನು ಬಿಟ್ಟ. ಬಿಲ್ಲು ಮಾತ್ರ ಬಿಡಲಿಲ್ಲ. ಹಿತ್ತಲಲ್ಲಿ ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ, ನೀರು ಚಿಮುಕಿಸಿ, ಗಟ್ಟಿಯಾಗಿ ತುಳಿದು ನಿಲ್ಲಿಸುತ್ತಿದ್ದ. ಬಾಣ ಎಷ್ಟು ಬೆರಳು ಒಳಗೆ ಹೋಯಿತು ಎಂದು ಅಳೆಯುವುದೇ ಆಟ, ಅದೇ ಪಾಠ. "ಹಗುರಿಂದು ಲಗೂ ಹೋಗತೈತಿ, ತಾಗಿದ ಕೂಡ್ಲೆ ಸೋಲತೈತಿ. ಭಾರದ್ದು ಸಾವಕಾಶ ಹೋಗತೈತಿ, ಆದ್ರ ನಿಂದ್ರೂದಿಲ್ಲ" ಎನ್ನುತ್ತಿದ್ದ. ಹೊರಗಿನಿಂದ ಎರಡೂ ಒಂದೇ ದಪ್ಪ. ಹಗುರಾದದ್ದು ಪೊಳ್ಳು ಬಿದಿರು, ಇಪ್ಪತ್ತು ಗ್ರಾಂ. ಭಾರದ್ದು ಗಟ್ಟಿ ಬಿದಿರು, ಮೊನೆಯ ಹಿಂದೆ ಸೀಸ ಹೊಯ್ದದ್ದು, ಐವತ್ತೈದು ಗ್ರಾಂ. ಗುರುತಿಗೆಂದು ಹಗುರಿಗೆ ಕೆಂಪು ದಾರ, ಭಾರಕ್ಕೆ ಕಪ್ಪು ದಾರ ಸುತ್ತುತ್ತಿದ್ದ.

ಮಲಿಕಾಬಿಯ ಮಗಳು ನಿಲೋಫರ್ ಬಿಎಸ್ಸಿ ಓದುವಾಗ ಒಮ್ಮೆ ಮೊಬೈಲಿನಲ್ಲಿ ವಿಡಿಯೋ ಹಿಡಿದು ಲೆಕ್ಕ ಹಾಕಿದ್ದಳು. "ಅಮ್ಮೀ, ಎರಡಕ್ಕೂ ಚಲನಶಕ್ತಿ ಹೆಚ್ಚುಕಡಿಮಿ ಅಷ್ಟ. ಭಾರದ್ದು ಬಿಲ್ಲಿನಿಂದ ಒಂದೀಟು ಜಾಸ್ತಿ ಇಸ್ಕೋತೈತಿ. ಅದರ ಮ್ಯಾಲ ತೂಕದ ನೂಕು ಐತಲ್ಲ, ಅದು ಒಳಗ ಒಯ್ತೈತಿ." ಮಲಿಕಾಬಿ ನಕ್ಕುಬಿಟ್ಟಳು. "ನಿಮ್ಮ ನಾನಾ, ನಮ್ಮ ಅಬ್ಬಾ, ಇದನ್ನ ಮೊಬೈಲ್ ಇಲ್ದನ ಹೇಳಿದ್ದ."

ಅಪ್ಪ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದ. ಕಣ್ಣು ಮುಚ್ಚಿ, ಬಾಣ ಹಿಡಿದು, ಯಾವುದು ಭಾರ ಹೇಳಬೇಕು. ಮಲಿಕಾಬಿ ಒಂಬತ್ತನೇ ವಯಸ್ಸಿಗೇ ಗೆದ್ದಳು. ಎಂಟು ವರ್ಷ ಚಿಕ್ಕವನಾದ ತಮ್ಮ ಜಾಕೀರನ ಸರದಿ ಬಂದಾಗ, ಅವನು ರೆಪ್ಪೆ ಸಂದಿಯಿಂದ ದಾರದ ಬಣ್ಣ ನೋಡಿ ಹೇಳುತ್ತಿದ್ದ. ಅಪ್ಪನಿಗೆ ಗೊತ್ತಾಗಲಿಲ್ಲ, ಅಕ್ಕನಿಗೆ ಗೊತ್ತಾಯಿತು. ಹೇಳಲಿಲ್ಲ. ತಾಯಿ ಸತ್ತ ಮೇಲೆ ಆ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನ ಮೇಲೆ ಚಾಡಿ ಹೇಳುವ ಮನಸ್ಸು ಹೇಗೆ ಬಂದೀತು?

ಅಪ್ಪ ತೀರಿಕೊಂಡಾಗ ಅವನ ದೊಡ್ಡ ಬಿಲ್ಲು ಮಗನ ಮನೆಯ ಗೋಡೆಗೆ ಹೋಯಿತು. ಮಗಳಿಗೆ ಸಣ್ಣ ಬಿಲ್ಲು, ಒಂದು ತಕ್ಕಡಿ, ಮತ್ತೆ ಅಪ್ಪ ತನ್ನ ಕೈಯಾರೆ ಮಾಡಿದ ತೂಕದ ಬಾಣ ಸಿಕ್ಕಿತು. ತೂಕದ ಬಾಣವೆಂದರೆ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಉಳಿದ ಭಾರದ ಬಾಣಗಳನ್ನೆಲ್ಲ ಅದಕ್ಕೆ ಸರಿದೂಗಿಸಲು ಇಟ್ಟುಕೊಂಡ ಅಳತೆಯ ಬಾಣ. ಅದನ್ನು ಎಂದೂ ಯಾರೂ ಹೊಡೆದಿರಲಿಲ್ಲ. ಮಲಿಕಾಬಿ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದಳು.

ಹೋದ ತಿಂಗಳು ಜಾಕೀರ ಬಂದು ಚಹಾ ಕುಡಿಯುತ್ತ ಕೇಳಿದ. "ಆಪಾ, ಮೂರು ಭಾರದ ಬಾಣ ಮಾಡಿಕೊಡು. ಧಾರವಾಡದಾಗ ಹಳೇ ಸಾಮಾನಿನ ಪ್ರದರ್ಶನ ಐತಿ."

"ಭಾರದ್ದು ಯಾಕ ಬೇಕೋ? ಹಗುರಿಂದು ಒಯ್ಯಿ."

"ಹಳೇ ಬ್ಯಾಟಿ ಬಾಣ ಹೆಂಗಿತ್ತಂತ ತೋರಸಬೇಕಂತ. ಗೋಣಿಚೀಲಕ್ಕ ಹೊಡಿತೀನಿ, ಅಷ್ಟ. ಅಬ್ಬಾನ ಆಣಿ."

ಅಪ್ಪನ ಹೆಸರೆತ್ತಿದ ಮೇಲೆ ಮುಗಿಯಿತು. ನಾಲ್ಕು ಮಾಡಿದಳು, ಮೂರು ಕೊಟ್ಟಳು. ತುಸು ಸೊಟ್ಟಗಿದ್ದ ಒಂದು ತನ್ನಲ್ಲೇ ಉಳಿಯಿತು.

ಹನ್ನೆರಡು ದಿನಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ಅರಣ್ಯ ಇಲಾಖೆಯ ಮಾಂತೇಶ ಎಂಬ ಅಧಿಕಾರಿ ಅವಳ ಅಂಗಳಕ್ಕೆ ಬಂದ. ಹಿಂದೆ ಜಾಕೀರ. ಅಧಿಕಾರಿಯ ಕೈಯಲ್ಲಿ ಅಪ್ಪನ ದೊಡ್ಡ ಬಿಲ್ಲು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ರಕ್ತ ಒಣಗಿದ ಬಾಣ. ಕಪ್ಪು ದಾರ ನೋಡಿದ ಕೂಡಲೇ ಮಲಿಕಾಬಿಗೆ ಅದು ತಾನು ಮಾಡಿದ್ದೆಂದು ಗೊತ್ತಾಯಿತು.

"ಅಮ್ಮಾರ, ಬಮ್ಮಿಗಟ್ಟಿ ಕಡೆ ಕಾಡಂಚಿಗೆ ಒಂದು ಚಿಗರಿ ಸತ್ತು ಬಿದ್ದಿತ್ತು. ಈ ಬಾಣ ಈ ಪಕ್ಕದಿಂದ ಹೊಕ್ಕು ಆ ಪಕ್ಕಕ್ಕ ಹೊರಗ ಬಂದೈತಿ. ನಿಮ್ಮ ತಮ್ಮನ ಮನ್ಯಾಗ ಈ ಬಿಲ್ಲು ಸಿಕ್ತು, ಕೇಳಿದ್ರ ಬಾಣ ನೀವು ಮಾಡಿದ್ದಂತಾರ."

"ಮಾಡಿದ್ದು ನಾನ ರೀ," ಎಂದು ತಮ್ಮನ ಮುಖ ನೋಡಿದಳು. ಈಗ ಹೇಳುತ್ತಾನೆ, ನನಗೇ ಕೊಟ್ಟಿದ್ದಳು ಎಂದು ಈಗ ಹೇಳುತ್ತಾನೆ ಎಂದು ಕಾದಳು.

ಜಾಕೀರ ಕೋಳಿಗೂಡಿನ ಕಡೆ ಮುಖ ಮಾಡಿ ಹೇಳಿದ. "ನನಗೇನೂ ಗೊತ್ತಿಲ್ರಿ ಸಾಹೇಬ್ರ. ಆಕಿ ಯಾರಿಗೆ ಕೊಡ್ತಾಳೋ, ತಾನ ಹೊಡಿತಾಳೋ. ಅಬ್ಬಾನ ಬಿಲ್ಲು ನಾ ಮುಟ್ಟಿ ವರ್ಷಾತು."

ಅಯ್ಯೋ, ಎಂಥ ಮಾತು! ಸೊಂಟದ ಮೇಲೆ ಹೊತ್ತು ತಿರುಗಿದ ಕೂಸು ಆಡುವ ಮಾತೇ ಇದು? ಜಿಂಕೆ ಕೊಂದ ಕೇಸೆಂದರೆ ವರ್ಷಗಟ್ಟಲೆ ಜೈಲು, ಕಲಘಟಗಿಯ ಹುಡುಗರಿಗೂ ಗೊತ್ತು. ಅದನ್ನು ತಿಳಿದೇ ಅವನು ಅಕ್ಕನನ್ನು ಮುಂದೆ ತಳ್ಳಿದ್ದ. ಮಲಿಕಾಬಿಗೆ ಸಿಟ್ಟಿಗಿಂತ ಮೊದಲು ನಾಚಿಕೆ ಬಂತು, ತಾನೇ ಕಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ.

"ಸಾಹೇಬ್ರ, ನಾ ಕೊಟ್ಟಿದ್ದು ಇವಗ. ಅಲ್ಲಿ ಹೊಟ್ಟಿನ ಚೀಲ ಐತಿ, ಹೊಡದು ನೋಡ್ರಿ. ನನ್ನ ಬಿಲ್ಲಿಗೆ ಆ ತಾಕತ್ತಿಲ್ಲ" ಎಂದಳು.

ಮಾಂತೇಶ ಒಪ್ಪಿದ. ಮಲಿಕಾಬಿ ತನ್ನಲ್ಲಿ ಉಳಿದಿದ್ದ ಸೊಟ್ಟ ಬಾಣವನ್ನು ಸಣ್ಣ ಬಿಲ್ಲಿಗೆ ಹೂಡಿ, ಹತ್ತು ಹೆಜ್ಜೆ ದೂರದಿಂದ, ರಟ್ಟೆಯಲ್ಲಿದ್ದ ಬಲವನ್ನೆಲ್ಲ ಹಾಕಿ ಹೊಡೆದಳು. ನಾಲ್ಕು ಬೆರಳು ಒಳಗೆ ಹೋಯಿತು. ಆಮೇಲೆ ಅದೇ ಬಾಣವನ್ನು ದೊಡ್ಡ ಬಿಲ್ಲಿನಿಂದ ಹೊಡೆಯಲು ಅಧಿಕಾರಿ ಜಾಕೀರನಿಗೆ ಹೇಳಿದ. ಜಾಕೀರ ಹೆದೆಯನ್ನು ಎದೆಯ ತನಕ ಎಳೆದು, ಮುಖ ಕಿವಿಚಿ, ಕೈ ನಡುಗಿಸಿ ಬಿಟ್ಟ. ಐದು ಬೆರಳು.

"ಅಂವ ಅರ್ಧನ ಎಳದಾನ್ರಿ!" ಎಂದು ಮಲಿಕಾಬಿ ಕೂಗಿದಳು.

"ಭುಜ ಹಿಡದೈತಿ ಆಪಾ, ಏನ್ ಮಾಡ್ಲಿ?" ಎಂದ ತಮ್ಮ. ಎಷ್ಟು ಮೆತ್ತಗೆ ಎಂದ, ನೋಡಿದವರಿಗೆ ಕರುಣೆ ಬರಬೇಕು.

ಮಾಂತೇಶ ಚೀಲದ ಎರಡೂ ತೂತು ನೋಡಿದ. "ಎರಡೂ ಅಷ್ಟಕ್ಕಷ್ಟ ಆತು ಅಮ್ಮಾರ. ಬಾಣ ನಿಮ್ದು. ಕಲಘಟಗಿ ಆಫೀಸಿಗೆ ಬರಬೇಕಾಕ್ಕೈತಿ."

"ಬರ್ತೀನ್ರಿ. ಇನ್ನೊಂದ ಸಲ ಹೊಡೀಲಿ. ಭಾರದ್ದು ಭುಜಕ್ಕ ತ್ರಾಸ ಆಗಿದ್ರ ಹಗುರಿಂದ ಹೊಡೀಲಿ. ಎಷ್ಟು ಎಳಿತಾನ ಅನ್ನೂದರ ಕಾಣಸ್ತೈತಿ. ತರ್ತೀನಿ, ತಡೀರಿ."

ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಬಟ್ಟೆ ಬಿಚ್ಚಿ ಅಪ್ಪನ ತೂಕದ ಬಾಣ ಕೈಗೆತ್ತಿಕೊಂಡಳು. ಕಪ್ಪು ದಾರವನ್ನು ಕತ್ತರಿಸಿ ಕಿತ್ತು, ಅದೇ ಜಾಗಕ್ಕೆ ಕೆಂಪು ದಾರ ಸುತ್ತಿ ಗಂಟು ಹಾಕಿದಳು. ಕಣ್ಣಲ್ಲಿ ನೀರು ಬಂದಿತ್ತು, ಸೆರಗಿನಿಂದ ಒರೆಸಿಕೊಂಡಳು.

ಹೊರಗೆ ಬಂದು ಬಾಣ ಚಾಚಿದಳು. "ಹಿಡಿ. ಹಗುರಿಂದು."

ಜಾಕೀರನ ಕಣ್ಣು ನೇರ ದಾರಕ್ಕೆ ಹೋಯಿತು. ಕೆಂಪು ನೋಡಿದ್ದೇ ತಡ, ಅವನ ಭುಜಗಳು ಸಡಿಲಾದವು. ಹಗುರಿನದು ಎಷ್ಟೇ ಎಳೆದರೂ ಆ ಚೀಲ ದಾಟುವುದಿಲ್ಲವೆಂದು ಆ ಮನೆಯ ಕೋಳಿಗೂ ಗೊತ್ತು. ಬಾಣ ಅವನ ಅಂಗೈಯಲ್ಲಿತ್ತು, ಐವತ್ತೈದು ಗ್ರಾಂ, ಅಪ್ಪ ಮಾಡಿದ್ದು. ಒಂದು ಕ್ಷಣ ಮಲಿಕಾಬಿಗೆ, ಈಗಲಾದರೂ ಇವನಿಗೆ ತೂಕ ತಿಳಿಯಲಿ, ಬಾಣ ಕೆಳಗಿಟ್ಟು ತಪ್ಪಾಯಿತು ಎನ್ನಲಿ ಎನಿಸಿತು. ತಿಳಿಯಲಿಲ್ಲ. ನಲವತ್ತು ವರ್ಷ ಅವಳು ಮಾಡಿಕೊಟ್ಟದ್ದನ್ನು ಹೊಡೆದನೇ ಹೊರತು ಅವನು ತೂಗಿ ನೋಡಿದವನಲ್ಲ.

"ಪೂರ್ತಿ ಎಳದ ತೋರಸ್ತೀನಿ ಸಾಹೇಬ್ರ. ಆಮೇಲೆ ಮೋಸ ಮಾಡ್ದ ಅನಬ್ಯಾಡ್ರಿ" ಎಂದು ಕಾಲೂರಿ ನಿಂತ. ಹೆದೆ ಎದೆ ದಾಟಿತು, ಗದ್ದ ದಾಟಿತು, ಕಿವಿಗೆ ಮುಟ್ಟಿತು. ಹಿಡಿದ ಭುಜ ಎಲ್ಲಿ ಹೋಯಿತೋ! ಅಪ್ಪ ಎಳೆಯುತ್ತಿದ್ದ ಹಾಗೆಯೇ ಎಳೆದ. ಬಿಟ್ಟ.

ಬಾಣ ಚೀಲದ ಈ ಕಡೆಯಿಂದ ಹೊಕ್ಕು ಆ ಕಡೆಗೆ ಮೊನೆ ಹಾಕಿತು. ಹೊಟ್ಟು ನೆಲದ ಮೇಲೆ ಸುರಿಯತೊಡಗಿತು.

ಮಾಂತೇಶ ಚೀಲದ ಹಿಂದೆ ಹೋಗಿ ಹೊರಬಂದ ಮೊನೆಯನ್ನು ನೋಡಿದ. ತಿರುಗಿ, ಇನ್ನೂ ಕಿವಿಯ ಬಳಿಯೇ ಇದ್ದ ಜಾಕೀರನ ಕೈಯನ್ನು ನೋಡಿದ. ಜೇಬಿನಿಂದ ಪೆನ್ನು ತೆಗೆದ.

ಜಾಕೀರ ಬಿಲ್ಲು ಕೆಳಗಿಳಿಸಿದ. "ಆಪಾ," ಎಂದ, "ಹಗುರಿಂದು ಅಂದ್ಯಲ್ಲ..."

"ನೀ ಗೋಣಿಚೀಲಕ್ಕ ಅಂದಿದ್ಯಲ್ಲೋ, ಜಾಕೀರಾ," ಎಂದಳು ಮಲಿಕಾಬಿ.