ಸುಮಿತ್ರಕ್ಕನ ಕಡುಗೆಂಪು

ಸುಮಿತ್ರಕ್ಕನ ಬೆರಳುಗಳಿಗೆ ತಮ್ಮದೇ ಬಣ್ಣ ಅಂತ ಒಂದಿತ್ತೋ ಇಲ್ಲವೋ, ನಾನಂತೂ ನೋಡಿದ್ದು ಕಡಿಮೆ. ಒಮ್ಮೆ ಉಗುರಿನ ಸಂದಿಯಲ್ಲಿ ನೀಲಿ, ಇನ್ನೊಮ್ಮೆ ಅಂಗೈ ಗೆರೆಗಳ ತುಂಬ ನೇರಳೆ. ನಮ್ಮೂರು ಗೋಣಿಬೀಡಿನಲ್ಲಿ ಯಾರ ಮನೆಯ ಅರಿಶಿನ ಕುಂಕುಮಕ್ಕೆ ಬಂದರೂ ಮುಖಕ್ಕಿಂತ ಮೊದಲು ಕೈಗಳೇ ಕಾಣುತ್ತಿದ್ದವು. "ಏನ್ರೀ ಸುಮಿತ್ರಾ, ಕೈ ತೊಳೆಯೋದಿಲ್ವಾ?" ಎಂದು ಯಾರಾದರೂ ಕೇಳಿದರೆ, "ತೊಳ್ಕೊಂಡೇ ಬಂದಿದ್ದು ಮಾರಾಯ್ತಿ. ತೊಳೆದ್ರೆ ಹೋಗೋ ಬಣ್ಣ ನಾನು ಹಾಕೋದೇ ಇಲ್ಲ" ಎನ್ನುತ್ತಿದ್ದರು.

ಅವರು ನಮ್ಮ ಪಕ್ಕದ ಮನೆಯವರು. ಗಂಡ ನಾಗರಾಜಣ್ಣನಿಗೆ ಸ್ವಲ್ಪ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು. ಸುಮಿತ್ರಕ್ಕ ಮನೆಯಲ್ಲೇ ಕೇಕ್ ಮಾಡುತ್ತಿದ್ದರು. ಯಾರೂ ಕಲಿಸಿದ್ದಲ್ಲ, ಮೊಬೈಲಿನಲ್ಲಿ ನೋಡಿದ್ದಷ್ಟು, ಕೆಡಿಸಿ ಕಲಿತದ್ದು ಅದಕ್ಕಿಂತ ಹೆಚ್ಚು. ಆಲ್ದೂರಿನಿಂದ, ಬಾಳೂರಿನ ಎಸ್ಟೇಟುಗಳಿಂದ ಜೀಪಿನಲ್ಲಿ ಬಂದು ಒಯ್ಯುತ್ತಿದ್ದರು. ರುಚಿಗೆ ಬರುತ್ತಿದ್ದವರೂ ಇದ್ದರು, ಆದರೆ ಹೆಚ್ಚಿನವರು ಬರುತ್ತಿದ್ದದ್ದು ಬಣ್ಣಕ್ಕೆ. ಬೇರೆ ಕಡೆ ಕೆಂಪು ಎಂದು ಹೇಳಿದರೆ ಗುಲಾಬಿ ಬರುತ್ತಿತ್ತು, ಕಪ್ಪು ಕೇಳಿದರೆ ಬೂದಿ. ಅಂಥ ಕೇಕಿನ ಫೋಟೋ ತೋರಿಸಿದರೆ ಸುಮಿತ್ರಕ್ಕ ಮುಖ ಕಿವುಚುತ್ತಿದ್ದರು. "ಹಾಕಿದ ಹಾಗೂ ಇಲ್ಲ, ಬಿಟ್ಟ ಹಾಗೂ ಇಲ್ಲ. ಹೆದರ್ಕೊಂಡು ಬಣ್ಣ ಹಾಕಿದ್ರೆ ಹೀಗೇ ಆಗೋದು."

ನನ್ನ ಗಂಡ ಬಾಳೂರಿನ ಕಡೆ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಒಂದು ಬೆಳಿಗ್ಗೆ ಅವರು ಕೂತಿದ್ದ ಜೀಪು ತಿರುವಿನಲ್ಲಿ ಕೆಳಗುರುಳಿತು. ದೇಹ ಮನೆಗೆ ತಂದಾಗ ಸುಮಿತ್ರಕ್ಕ ಕೆಲಸ ಅರ್ಧಕ್ಕೇ ಬಿಟ್ಟು ಓಡಿ ಬಂದರು. ಎರಡೂ ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಬಂದವರೇ ನನ್ನ ಕೈ ಹಿಡಿದುಕೊಂಡರು. ಯಾರೋ ಹಿಂದಿನಿಂದ, "ಸಾವಿನ ಮನೆಗೆ ಹೀಗಾ ಬರೋದು?" ಎಂದರು. ಸುಮಿತ್ರಕ್ಕ ಕೈ ಬಿಡಲಿಲ್ಲ. ಆ ದಿನ ಯಾರು ಬಂದರು, ಏನು ಹೇಳಿದರು, ನನಗೆ ನೆನಪಿಲ್ಲ. ನನ್ನ ಅಂಗೈಗೆ ಹತ್ತಿದ ಕೆಂಪನ್ನು ನೋಡುತ್ತ ಕೂತಿದ್ದೆ, ಅಷ್ಟೆ.

ನಾನು ಅಳಲಿಲ್ಲ. ಆ ದಿನವೂ ಇಲ್ಲ, ಆಮೇಲೂ ಇಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಶಾಲೆಗೆ ಹೋದೆ, ಮಕ್ಕಳಿಗೆ ಮಗ್ಗಿ ಹೇಳಿಸಿದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದರೂ ಗೊತ್ತಾಗುತ್ತಿರಲಿಲ್ಲ. ನನ್ನ ಅತ್ತೆ, ಮಗಳು ಸಿರಿ ಇಬ್ಬರೂ ಸುಮ್ಮನೆ ಊಟ ಮಾಡಿ ಏಳುತ್ತಿದ್ದರು. ಬಂದವರೆಲ್ಲ "ಒಂದು ಸಲ ಅತ್ತುಬಿಡಮ್ಮ, ಹಗುರಾಗುತ್ತೆ" ಎನ್ನುತ್ತಿದ್ದರು. ಹಾಗೆ ಹೇಳದೇ ಇದ್ದವರು ಸುಮಿತ್ರಕ್ಕ ಒಬ್ಬರೇ. ಒಂದು ದಿನ ಬೇಲಿ ಹತ್ತಿರ ನಿಂತು ಕರೆದರು. "ವೀಣಾ, ಶಾಲೆ ಬಿಟ್ಟ ಮೇಲೆ ಬಾರೆ. ಕೇಕಿನ ಕೆನೆ ಕಡೆದೂ ಕಡೆದೂ ನನ್ನ ಭುಜ ಬಿದ್ದು ಹೋಗಿದೆ."

ಹೋದೆ. ಹೋಗದೇ ಇರುವುದಕ್ಕೆ ಕಾರಣ ಹುಡುಕುವಷ್ಟೂ ಮನಸ್ಸಿರಲಿಲ್ಲ.

ಅಂದು ನವಿಲಿನ ಕೇಕು. ಯಾರೋ ಪ್ಲಾಂಟರ್ ಮನೆಯ ಮೊಮ್ಮಗಳಿಗೆ. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಕಡೆದ ಕೆನೆಗೆ ನಾನು ನೀಲಿ ಹಾಕಿದೆ. ಅದು ಪಾಚಿಯ ಹಾಗೆ ಹಸಿರಾಯಿತು. ಮತ್ತಷ್ಟು ಹಾಕಲು ಹೋದಾಗ ಸುಮಿತ್ರಕ್ಕ ಕೈ ತಡೆದರು.

"ಬೆಣ್ಣೆ ಹಳದಿ ಅಲ್ವಾ, ಅದು ನೀಲೀನ ಎಳೀತಾ ಇದೆ. ಮೊದ್ಲು ಬೆಣ್ಣೇನ ಬೆಳ್ಳಗಾಗೋವಷ್ಟು ಕಡೀಬೇಕು. ಆಮೇಲೆ ಕಡ್ಡಿ ತುದೀಲಿ ಒಂಚೂರು ನೇರಳೆ. ಹಳದಿ ಸಾಯುತ್ತೆ. ಆಮೇಲೆ ನೀಲಿ."

ಹಾಗೇ ಹೊಸದಾಗಿ ಮಾಡಿದೆವು. ಒಂದು ಸೌಟು ಕೆನೆಯನ್ನು ಸುಮಿತ್ರಕ್ಕ ಬೇರೆ ತೆಗೆದು, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಅದನ್ನು ಮತ್ತೆ ಉಳಿದದ್ದಕ್ಕೆ ಸೇರಿಸಿದರು. ಬಣ್ಣ ಒಮ್ಮೆಲೇ ಗಾಢವಾಯಿತು. ಆದರೂ ನವಿಲಿನ ನೀಲಿ ಆಗಿರಲಿಲ್ಲ.

"ಇನ್ನೂ ಹಾಕ್ಲಾ ಅಕ್ಕ?"

"ಬೇಡ, ಮುಚ್ಚಿಡು. ನಾಳೆ ನೋಡು."

ಮರುದಿನ ಮುಚ್ಚಳ ತೆಗೆದಾಗ ಪಾತ್ರೆಯಲ್ಲಿದ್ದದ್ದು ನಿಜವಾಗಿ ನವಿಲಿನ ಕೊರಳ ನೀಲಿ. ಸುಮಿತ್ರಕ್ಕ ಮಗುವಿನ ಹಾಗೆ ಹಿಗ್ಗಿದರು. "ಹೇಗಿದೆ ಹೇಳು!" ಎಂದರು. "ನೀಲಿಯಾಗಿದೆ" ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಹೌದು, ನೀಲಿಯಾಗಿದೆ" ಎಂದು ಕೆಲಸಕ್ಕೆ ತಿರುಗಿದರು. ಅಂದಿನಿಂದ ದಿನಾ ಹೋಗುತ್ತಿದ್ದೆ.

ಸಿರಿಯ ಹುಟ್ಟುಹಬ್ಬ ಬಂತು. ಅವಳಪ್ಪ ಹಿಂದಿನ ವರ್ಷವೇ, "ಹತ್ತು ತುಂಬಿದಾಗ ದೊಡ್ಡ ಕೆಂಪು ಕೇಕು" ಎಂದು ಮಾತು ಕೊಟ್ಟಿದ್ದರು. ಮಗು ಅದನ್ನು ನನಗೆ ನೆನಪಿಸಲಿಲ್ಲ, ಸುಮಿತ್ರಕ್ಕನಿಗೆ ಹೇಳಿದ್ದಳು. ಸಂಜೆ ಅವರು ಕೇಕು ಹೊತ್ತು ನಮ್ಮ ಮನೆ ಮೆಟ್ಟಿಲು ಹತ್ತಿದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ವರ್ಷದ ತಿಥಿ ಆಗಿಲ್ಲ ಸುಮಿತ್ರಾ. ಈ ಮನೇಲಿ ಕೇಕು ಕೊಯ್ಯೋದಾ? ನೋಡಿದವರು ಏನಂದಾರು?"

"ಅನ್ಲಿ ಅಮ್ಮಾ. ಮಗೂಗೆ ಹತ್ತು ವರ್ಷ ತುಂಬೋದು ತಿಥಿಗೆ ಅಂತ ಕಾಯುತ್ತಾ?"

"ನನ್ನ ಮಗ ಹೋಗಿದ್ದಾನೆ."

"ಅವನು ಹೇಳಿದ ಕೇಕೇ ಅಮ್ಮಾ ಇದು."

ಅತ್ತೆ ನನ್ನ ಕಡೆ ನೋಡಿದರು. ನಾನು ಸುಮಿತ್ರಕ್ಕನ ಕೈಯಲ್ಲಿದ್ದ ಪೆಟ್ಟಿಗೆ ನೋಡುತ್ತ ನಿಂತಿದ್ದೆ. ಕೊನೆಗೆ ಅವರೇ ಪಕ್ಕಕ್ಕೆ ಸರಿದರು. "ಒಳಗೆ ತಗೊಂಡು ಬಾ. ತಂಡಿಗೆ ನಿಂತಿದ್ದೀಯ."

ಪೆಟ್ಟಿಗೆ ತೆರೆದಾಗ ಸಿರಿ ಉಸಿರು ಹಿಡಿದಳು. ದಾಸವಾಳದ ಕೆಂಪೂ ಅಲ್ಲ, ಅದಕ್ಕಿಂತ ಕಡುವಾದದ್ದು. "ಬರೀ ಕೆಂಪು ಸುರಿದ್ರೆ ಕಹಿ ಆಗುತ್ತೆ. ಮೊದ್ಲು ಕೋಕೋ ಪುಡಿ ಬೆರೆಸಿ ಆಮೇಲೆ ಕೆಂಪು ಹಾಕ್ದೆ, ಎರಡು ದಿನ ಮುಚ್ಚಿಟ್ಟಿದ್ದೆ" ಎಂದು ಸುಮಿತ್ರಕ್ಕ ನನ್ನ ಕಿವಿಯಲ್ಲಿ ಹೇಳಿದರು. ಮೇಣದಬತ್ತಿ ಇಲ್ಲ, ಹಾಡಿಲ್ಲ. ಸಿರಿ ಕೊಯ್ದು ಮೊದಲ ತುಂಡನ್ನು ಅಜ್ಜಿಯ ಬಾಯಿಗಿಟ್ಟಳು. ಅತ್ತೆ ಅಗಿಯುತ್ತಲೇ ಅಳತೊಡಗಿದರು. ಅಳುತ್ತ ಬಾಯಿ ಬಿಟ್ಟಾಗ ಹಲ್ಲು, ನಾಲಗೆ, ತುಟಿ ಎಲ್ಲ ರಕ್ತಗೆಂಪು. ಸಿರಿ ನೋಡಿದಳು, ತಡೆಯಲಾಗದೆ ನಕ್ಕುಬಿಟ್ಟಳು. ಅತ್ತೆ ಕನ್ನಡಿಯಲ್ಲಿ ಮುಖ ನೋಡಿಕೊಂಡು ಅಳುತ್ತಲೇ ನಕ್ಕರು. "ಅಯ್ಯೋ ಸುಮಿತ್ರಾ, ಏನು ಮಾಡಿಟ್ಟೆ ನನ್ನ!" ಎಂದರು. ಆ ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಕೇಳಿದ ನಗು ಅದು. ನಾನು ತಟ್ಟೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದೆ. ಅವರು ನಗುತ್ತಿದ್ದಾರೆ ಎನ್ನುವುದು ಗೊತ್ತಾಗುತ್ತಿತ್ತು, ಒಳ್ಳೆಯದಾಯಿತು ಎಂದೂ ಗೊತ್ತಾಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಸುಮಿತ್ರಕ್ಕ ಹಿಂದೆಯೇ ಬಂದು ತಟ್ಟೆ ಒರೆಸಿಕೊಟ್ಟರು. "ನಿಂಗೆ ನಗು ಬರ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ ಮಾರಾಯ್ತಿ" ಎಂದರು.

ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಸುಮಿತ್ರಕ್ಕ ತೀರಿಕೊಂಡರು. ಬೆಳಿಗ್ಗೆ ತಿಂಡಿ ಮುಗಿಸಿ, ಎದೆ ಹಿಡಿದ ಹಾಗಾಗುತ್ತೆ ಎಂದರಂತೆ. ಮೂಡಿಗೆರೆ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಿರಿ ಅತ್ತಳು, ಅತ್ತೆ ಅತ್ತರು. ನಾನು ಬಂದವರಿಗೆ ಕಾಫಿ ಕೊಟ್ಟೆ, ಕುರ್ಚಿ ಹಾಕಿದೆ, ಸಂಜೆ ಎಲ್ಲ ಲೋಟ ತೊಳೆದಿಟ್ಟೆ.

ಆಮೇಲೊಂದು ಮಧ್ಯಾಹ್ನ ನಾಗರಾಜಣ್ಣನಿಗೆ ಸಾರು ಕೊಡಲು ಹೋಗಿದ್ದೆ. ಸುಮಿತ್ರಕ್ಕನ ಮೊಬೈಲು ಮೇಜಿನ ಮೇಲೆ ಬಡಿದುಕೊಳ್ಳುತ್ತಿತ್ತು. ನಾಗರಾಜಣ್ಣ ಅದನ್ನು ಮುಟ್ಟಲಿಲ್ಲ. "ನೀನೇ ಮಾತಾಡಮ್ಮ" ಎಂದರು.

ಯಾರೋ ಹೆಂಗಸಿನ ದನಿ. "ಸುಮಿತ್ರಮ್ಮ ಅಲ್ವಾ? ಬಾಳೂರಿಂದ ಮಾತಾಡ್ತಾ ಇದ್ದೀನಿ. ಮಗನ ಹುಟ್ಟುಹಬ್ಬಕ್ಕೆ ಒಂದು ಕೇಕು ಬೇಕಿತ್ತು."

"ಅವರು ಇಲ್ಲ" ಎಂದೆ.

"ಹೌದಾ? ಎಷ್ಟೊತ್ತಿಗೆ ಬರ್ತಾರೆ?"

ಬಾಯಿ ತೆರೆದೆ. ಮುಖಕ್ಕೆ ಕೈ ಹೋಯಿತು, ಕೆನ್ನೆ ಒದ್ದೆಯಾಗಿತ್ತು. ನಾಗರಾಜಣ್ಣ ಎದ್ದು ನಿಂತರು.

"ಹಲೋ? ಹಲೋ? ಕೇಳಿಸ್ತಾ ಇಲ್ಲ ಅನ್ಸುತ್ತೆ, ನಮ್ಮಲ್ಲಿ ಸಿಗ್ನಲ್ ಸರಿ ಇಲ್ಲ" ಎಂದಿತು ಆ ದನಿ. "ಬಂದ ಮೇಲೆ ಒಂಚೂರು ಹೇಳಿ ಆಯ್ತಾ? ಕಡುನೀಲಿ ಬೇಕಿತ್ತು ಅಂತ."