ಹಿಲ್ಲಿ ಗಾಲಿಮನೆಯನ್ನು ಹಿಂದಕ್ಕೆ ಬಿಟ್ಟದ್ದು

ಹಿಲ್ಲಿಗೆ ಅರವತ್ತೇಳು ವರ್ಷ. ಹಾಲೆಂಡಿನ ಡ್ರೆಂತೆಯ ಅವಳ ಮನೆಯಿಂದ ಫ್ರಾನ್ಸಿನ ಆರ್ದೆಶ್ ನದಿಯ ದಂಡೆಗೆ ಸಾವಿರದ ಇನ್ನೂರು ಕಿಲೋಮೀಟರು. ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಮೂವತ್ತೆಂಟು ಬೇಸಿಗೆ ಅವಳು ಆ ದಾರಿಯಲ್ಲಿ ಹೋಗಿಬಂದಿದ್ದಳು. ದಾರಿಯನ್ನು ಮಾತ್ರ ನೋಡಿರಲಿಲ್ಲ. ನೋಡಲು ಪುರುಸೊತ್ತೆಲ್ಲಿ? ತೊಡೆಯ ಮೇಲೆ ನಕಾಶೆ, ನಕಾಶೆಯ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ಸುಲಿಯಬೇಕಾದ ಮೊಟ್ಟೆ. ಲಕ್ಸೆಂಬರ್ಗ್ ಎಂದರೆ ಅವಳಿಗೆ ಮೊಟ್ಟೆಯ ಸಿಪ್ಪೆ, ದಿಜೋನ್ ಎಂದರೆ ಫ್ಲಾಸ್ಕಿನ ಕಾಫಿ, ಲಿಯೋನ್ ಎಂದರೆ ತಪ್ಪು ತಿರುವು ಹೇಳಿದ್ದಕ್ಕೆ ಗಂಡನ ಬೈಗುಳ.

ಗಂಡ ರೂಲೊಫ್ ಆಲೂಗಡ್ಡೆ ಪಿಷ್ಟದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವೇಬ್ರಿಡ್ಜ್ ನೋಡಿಕೊಂಡವನು. ನಿವೃತ್ತನಾದ ಮೇಲೆ ತೂಗಲು ಲಾರಿ ಸಿಗದೆ ಮನೆಯವರನ್ನು ತೂಗತೊಡಗಿದ. ಹೊರಡುವುದಕ್ಕೆ ಒಂದು ವಾರ ಮುಂಚೆ ಬಚ್ಚಲುಮನೆಯ ತೂಕದ ಯಂತ್ರ ಅಂಗಳಕ್ಕೆ ಬರುತ್ತಿತ್ತು. ತಲೆಗೆ ಎಂಟು ಕಿಲೋ, ಅದರ ಮೇಲೆ ಒಂದು ಕಾಲುಚೀಲವೂ ಇಲ್ಲ. ಭಾರದ್ದೆಲ್ಲ ಕ್ಯಾರವಾನಿನ ಗಾಲಿಗಳ ಮೇಲೆ, ಹಗುರದ್ದು ಹಿಂದೆ. ಬಾಲ ಭಾರವಾದರೆ ಗಾಡಿ ಕುಣಿಯುತ್ತದೆ, ಕುಣಿದರೆ ಕಾರನ್ನೂ ಕುಣಿಸುತ್ತದೆ ಎಂದು ಮಗಳು ಫೆಮ್ಕೆಗೆ ಅಕ್ಷರ ಕಲಿಸುವ ಮೊದಲೇ ಕಲಿಸಿದ್ದ. ರಿಮೋಟ್ ಒತ್ತಿದರೆ ಕ್ಯಾರವಾನ್ ತಾನೇ ತೆವಳಿಕೊಂಡು ಜಾಗಕ್ಕೆ ಸೇರುವ ಮೋಟಾರು ಬಂದು ಎಷ್ಟೋ ವರ್ಷವಾಯಿತು. ಅದು ಮೂವತ್ತು ಕಿಲೋ ತೂಗುತ್ತದೆ ಎಂದು ರೂಲೊಫ್ ಹಾಕಿಸಲೇ ಇಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವನ ಎಡಗಣ್ಣಿನ ಮುಂದೆ ಪರದೆ ಇಳಿಯಿತು. ಕಣ್ಣಿನ ಹಿಂದೆ ರಕ್ತ ಹೆಪ್ಪುಗಟ್ಟಿದೆ, ಇನ್ನು ಗಾಡಿ ಓಡಿಸುವ ಹಾಗಿಲ್ಲ ಎಂದರು ಡಾಕ್ಟರು. ಅದಾದ ನಾಲ್ಕನೇ ವಾರ ರೂಲೊಫ್ ಊಟದ ಮೇಜಿನಲ್ಲಿ ಫೋರ್ಕ್ ಕೆಳಗಿಟ್ಟ.

"ಕ್ಯಾರವಾನ್ ಮಾರೋಣ. ಬೌವೆ ಅವನ ಮಗಳಿಗೆ ಬೇಕು ಅಂತಿದಾನೆ. ಫೋನ್ ಮಾಡಿದ್ದ."

ಬೌವೆ ಎಂಬವನು ಆರ್ದೆಶ್ ದಂಡೆಯ ಕ್ಯಾರವಾನ್ ಮೈದಾನದಲ್ಲಿ ಅವರ ಪಕ್ಕದ ಜಾಗದವನು. ವರ್ಷಕ್ಕೆ ನಾಲ್ಕು ವಾರದ ನೆರೆಯವನು, ಒಳ್ಳೆಯವನೇ, ಎಲ್ಲದಕ್ಕೂ ಮೂಗು ತೂರಿಸುವುದೊಂದು ಬಿಟ್ಟರೆ.

ಇಲ್ಲಿನ ಮನೆ ರೂಲೊಫ್‌ನ ಅಮ್ಮ ಕಟ್ಟಿಸಿದ್ದು, ಅಲಮಾರು ಅವಳದು, ಕಿಟಕಿಯ ಪರದೆಯ ಕಂದು ಬಣ್ಣವೂ ಅವಳದೇ. ಹಿಲ್ಲಿ ತನ್ನ ಕೈಯಾರೆ ಪರದೆ ಹೊಲಿದು ಹಾಕಿದ್ದು ಆ ಕ್ಯಾರವಾನಿಗೆ ಮಾತ್ರ, ಹಳದಿ ಬಣ್ಣದ್ದು. ವರ್ಷದಲ್ಲಿ ನಾಲ್ಕು ವಾರ ಅವಳು ತನ್ನ ಮನೆಯಲ್ಲಿ ಇರುತ್ತಿದ್ದಳು. ಅದನ್ನೇ ಬೌವೆಗೆ ಕೊಡುವುದಂತೆ.

"ನಾನು ಓಡಿಸ್ತೀನಿ," ಎಂದಳು.

ರೂಲೊಫ್ ಮೊದಲು ನಕ್ಕ. ಅವಳು ನಗಲಿಲ್ಲ.

"ಅದಕ್ಕೆ ಬೇರೆ ಲೈಸೆನ್ಸ್ ಬೇಕು ಕಣೇ."

"ತಗೋತೀನಿ."

ಫೇಲಾದರೆ ಮತ್ತೆ ನಗುತ್ತಾನೆಂದು ಅವನಿಗೆ ಹೇಳದೆ, ಮಂಗಳವಾರ ಮಂಗಳವಾರ ನೀರಿನ ವ್ಯಾಯಾಮಕ್ಕೆ ಹೋಗುತ್ತೇನೆಂದು ಟವೆಲ್ ಹಿಡಿದು ಹೊರಟು, ತರಬೇತಿ ಕೊಡುವ ಹುಡುಗಿಯ ಪಕ್ಕದಲ್ಲಿ ಕೂತು ಖಾಲಿ ಮೈದಾನದಲ್ಲಿ ಗಾಡಿ ಹಿಂದೆ ಬಿಡುವುದನ್ನು ಕಲಿತಳು. ಒಮ್ಮೆ ಫೇಲಾದಳು, ಎರಡನೇ ಸಲ ಪಾಸಾದಳು. ಟವೆಲ್ ಒಂದು ದಿನವೂ ಒದ್ದೆಯಾಗಿರದಿದ್ದುದನ್ನು ರೂಲೊಫ್ ಗಮನಿಸಿದ್ದ. ತೂಕ ನೋಡುವವನಿಗೆ ಒದ್ದೆ ಟವೆಲ್ಲು ಎಷ್ಟು ತೂಗಬೇಕೆಂದು ಗೊತ್ತಿರುವುದಿಲ್ಲವೇ? ಕೇಳಿರಲಿಲ್ಲ, ಅಷ್ಟೇ. ಲೈಸೆನ್ಸನ್ನು ಮೇಜಿನ ಮೇಲಿಟ್ಟಾಗ ಅದರ ಎರಡೂ ಮಗ್ಗುಲನ್ನು ನೋಡಿದ.

"ಸರಿ. ಆರ್ದೆಶ್‌ವರೆಗೆ ನೀನೇ ಓಡಿಸು. ನಮ್ಮ ಹದಿನಾಲ್ಕನೇ ನಂಬರಿಗೆ ನೀನೇ ಹಿಂದೆ ಬಿಟ್ಟು ನಿಲ್ಲಿಸು. ಯಾರಾದ್ರೂ ಒಬ್ಬ ಕೈ ಹಚ್ಚಿ ತಳ್ಳಿದ್ನೋ, ಅಲ್ಲಿಂದ್ಲೇ ಬೌವೆ ತಗೊಂಡು ಹೋಗ್ತಾನೆ."

"ಒಪ್ಕೊಂಡೆ," ಎಂದಳು ಹಿಲ್ಲಿ. ಒಪ್ಪಿಕೊಂಡ ಮೇಲೆ ಬೆವರಿದಳು.

ಬೆವರಲು ಕಾರಣವಿತ್ತು. ಆರ್ದೆಶ್‌ನ ಆ ಕ್ಯಾರವಾನ್ ಸಾಲು ಪೂರ್ತಿ ನಮ್ಮ ಡಚ್ಚರದೇ. ನಮ್ಮ ಜನ ನದಿಯನ್ನು ನೋಡಲು ಫ್ರಾನ್ಸಿಗೆ ಹೋಗುತ್ತೇವೆ ಎನ್ನುತ್ತಾರೆ, ಸುಳ್ಳು. ಯಾವುದಾದರೂ ಕ್ಯಾರವಾನ್ ಒಳಗೆ ಬಂದರೆ ನದಿಗೆ ಬೆನ್ನು ಹಾಕಿ, ಕುರ್ಚಿ ತಿರುಗಿಸಿ, ಕಾಫಿ ಹಿಡಿದು ಕೂರುತ್ತಾರೆ. ಓಡಿಸುವವನು ಎರಡು ಸಲ ತಪ್ಪಬಹುದು. ಮೂರನೇ ಸಲ ತಪ್ಪುವ ಮೊದಲೇ ಕಪ್ಪುಗಳು ಕೆಳಗಿಳಿಯುತ್ತವೆ, ಅಂಗಿಯ ತೋಳು ಮೇಲೇರುತ್ತದೆ, ಆರು ಗಂಡಸರು ಆರು ದಿಕ್ಕು ಹೇಳುತ್ತಾ ಬಂದು ಕೊಂಡಿ ಕಳಚಿ ಕ್ಯಾರವಾನನ್ನು ಕೈಯಲ್ಲೇ ತಳ್ಳಿ ನಿಲ್ಲಿಸುತ್ತಾರೆ. ಬೇಡ ಎಂದರೂ ಬಿಡುವುದಿಲ್ಲ. ಆಮೇಲೆ ಮುಂದಿನ ಬೇಸಿಗೆಯವರೆಗೂ ಅದನ್ನೇ ಹೇಳುತ್ತಾರೆ. ಇಷ್ಟು ಒಳ್ಳೆಯ ಮನಸ್ಸಿನವರಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ.

ಜುಲೈಯಲ್ಲಿ ಹೊರಟರು. ಮುಂದೆ ಹಿಲ್ಲಿ, ರೂಲೊಫ್. ಹಿಂದಿನ ಸೀಟಿನಲ್ಲಿ ಫೆಮ್ಕೆ, ಅವಳ ಒಂಬತ್ತು ವರ್ಷದ ಮಗಳು ಮಿರ್ತೆ. ವಿಮಾನದಲ್ಲಿ ಹೋದರೆ ಎರಡು ಗಂಟೆ ಎಂದು ಫೆಮ್ಕೆ ಗಡಿ ದಾಟುವ ಮೊದಲೇ ನಾಲ್ಕು ಸಲ ಹೇಳಿದಳು. ಚಾಕೊಲೇಟ್ ಚೂರು ಉದುರಿಸಿದ ಬ್ರೆಡ್ಡು ರೂಲೊಫ್‌ನ ತೊಡೆಯ ಮೇಲಿತ್ತು, ಮೊಟ್ಟೆಯೂ ಅಲ್ಲೇ. ಅವನು ಎಂದೂ ಮೊಟ್ಟೆ ಸುಲಿದವನಲ್ಲ. ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಹೋಯಿತು.

"ಲಾರಿ ಇದೆ ನೋಡು."

"ಕಾಣಿಸ್ತಿದೆ."

"ಹತ್ರ ಬಂತು."

"ಅದು ನಿಂತಿದೆ ರೂಲೊಫ್. ಪೆಟ್ರೋಲ್ ಬಂಕಲ್ಲಿ."

ಅವನ ಬಲಗಾಲು ಕಾರಿನ ತಳವನ್ನು ಒತ್ತುತ್ತಲೇ ಇತ್ತು. ಮಿರ್ತೆ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದಳು. ಲಕ್ಸೆಂಬರ್ಗ್ ಬರುವಷ್ಟರಲ್ಲಿ ಕೂಗಿ ಹೇಳಿದಳು, "ಇಲ್ಲದಿರೋ ಬ್ರೇಕನ್ನ ಅಜ್ಜ ಇನ್ನೂರ ಹದಿನಾಲ್ಕು ಸಲ ತುಳಿದ!"

ಹಿಲ್ಲಿ ಮಾತ್ರ ದಾರಿ ನೋಡುತ್ತಿದ್ದಳು. ಗುಡ್ಡಗಳಿದ್ದವು. ಇಷ್ಟು ವರ್ಷ ಇಲ್ಲಿ ಗುಡ್ಡಗಳಿದ್ದವೇ? ಗೋಧಿಯ ಹೊಲಗಳ ನಡುವೆ ರಸ್ತೆ ಏರಿ ಇಳಿಯುವುದನ್ನು ಕಂಡು ಅವಳಿಗೆ ಖುಷಿಯಾಯಿತು, ಜೊತೆಗೆ ಹೊಟ್ಟೆಯೂ ಉರಿಯಿತು. ಇದನ್ನೆಲ್ಲ ಆ ಮನುಷ್ಯ ಒಬ್ಬನೇ ನೋಡಿಕೊಂಡು ಹೋಗುತ್ತಿದ್ದನಲ್ಲ, ಒಂದು ಮಾತೂ ಹೇಳದೆ!

ದಾರಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ದಿಜೋನ್ ಕಡೆಗೆ ಇಳಿಜಾರಿನಲ್ಲಿ ಹೋಗುತ್ತಿದ್ದಾಗ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋಯಿತು. ಅದರ ಗಾಳಿಗೆ ಕ್ಯಾರವಾನಿನ ಬಾಲ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಇನ್ನೂ ಹೆಚ್ಚು ಹೋಯಿತು. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಹಿಂದೆ ಫೆಮ್ಕೆ ಚೀರಿದಳು.

"ಬ್ರೇಕ್ ಹಾಕೇ! ಬ್ರೇಕ್!" ಎಂದು ರೂಲೊಫ್ ಅರಚಿದ.

ಹಿಲ್ಲಿ ಹಾಕಲಿಲ್ಲ. ಕಾಲು ಎತ್ತಿದಳು, ಸ್ಟಿಯರಿಂಗ್ ನೆಟ್ಟಗೆ ಹಿಡಿದಳು, ತರಬೇತಿಯ ಹುಡುಗಿ ಹೇಳಿಕೊಟ್ಟಂತೆ ಬಾಯಲ್ಲಿ ಒಂದು, ಎರಡು, ಮೂರು ಎಣಿಸಿದಳು. ಒಂಬತ್ತು ಎನ್ನುವಾಗ ಕ್ಯಾರವಾನ್ ತಣ್ಣಗಾಯಿತು.

ವಿಶ್ರಾಂತಿಯ ಜಾಗದಲ್ಲಿ ನಿಲ್ಲಿಸಿ ಅವಳು ನೇರ ಕ್ಯಾರವಾನಿನೊಳಗೆ ಹೋಗಿ ಹಿಂಬದಿಯ ಮಂಚದ ಹಲಗೆ ಎತ್ತಿದಳು. ರೂಲೊಫ್‌ನ ಮಳೆಯಂಗಿ ಹೊದ್ದುಕೊಂಡು ಇಪ್ಪತ್ತೈದು ಕಿಲೋ ಆಲೂಗಡ್ಡೆಯ ಮೂಟೆ ಮಲಗಿತ್ತು. ಬಾಗಿಲಲ್ಲಿ ನಿಂತ ರೂಲೊಫ್ ತನ್ನ ಚಪ್ಪಲಿ ನೋಡುತ್ತಿದ್ದ.

"ಬೇಕಂತಲೇ ಮಾಡಿದ್ಯಾ?" ಎಂದು ಕೇಳಿದಳು.

"ಇಲ್ಲ ಹಿಲ್ಲಿ, ದೇವರಾಣೆ. ಫ್ರಾನ್ಸಿನ ಆಲೂಗಡ್ಡೆ ಬೇಯಿಸಿದ್ರೆ ಸೋಪಿನ ಥರ ಇರುತ್ತೆ, ನಿಂಗೂ ಗೊತ್ತು. ಹೊರಡೋ ಹೊತ್ತಿಗೆ ನೆನಪಾಯ್ತು, ಜಾಗ ಕಂಡಲ್ಲಿ ಇಟ್ಟೆ. ಆಮೇಲೆ ಗಾಲಿ ಮೇಲೆ ಇಡೋಣ ಅಂತಿದ್ದೆ, ಮರೆತೇಬಿಟ್ಟೆ."

ಮರೆತೆ ಎಂಬ ಮಾತು ಅವನ ಬಾಯಲ್ಲಿ ಅವಳು ಕೇಳಿದ್ದು ಅಪರೂಪ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ಫೆಮ್ಕೆ ಬಂದಳು. "ಏನಾಯ್ತಮ್ಮಾ? ಯಾಕೆ ಹಾಗೆ ಕುಣೀತು?"

"ಗಾಳಿ," ಎಂದಳು ಹಿಲ್ಲಿ, ಹಲಗೆ ಮುಚ್ಚಿ.

"ಇದೆಲ್ಲ ಯಾಕೆ ಬೇಕು ನಿಮಗೆ? ಮಾರಿಬಿಡಿ ಆ ಬೌವೆಗೆ," ಎಂದು ಗೊಣಗುತ್ತಾ ಮಗಳು ಶೌಚಾಲಯದ ಕಡೆ ಹೋದಳು. ಗಂಡ ಹೆಂಡತಿ ಮೂಟೆಯ ಒಂದೊಂದು ತುದಿ ಹಿಡಿದು ಮಧ್ಯಕ್ಕೆ ತಂದಿಟ್ಟರು.

"ಅವಳಿಗೆ ಯಾಕೆ ಹೇಳ್ಲಿಲ್ಲ?" ಎಂದು ರೂಲೊಫ್ ಕೇಳಿದ.

"ವೇಬ್ರಿಡ್ಜ್‌ನಲ್ಲಿ ಮೂವತ್ತೊಂದು ವರ್ಷ ಕೂತೋನು ಬಾಲಕ್ಕೆ ಮೂಟೆ ಕಟ್ಟಿದ ಅಂತ ಹೇಳ್ಲಾ? ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ ನಂಗೆ. ನಡಿ, ಹತ್ತು."

ಅಲ್ಲಿಂದ ಮುಂದೆ ರೂಲೊಫ್ ಲಾರಿ ತೋರಿಸಲಿಲ್ಲ. ಅಜ್ಜ ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡು ಮಿರ್ತೆ ನೋಟ್‌ಬುಕ್ ಮುಚ್ಚಿದಳು. ಅವನು ಎಚ್ಚರವಾಗಿಯೇ ಇದ್ದ, ಲಿಯೋನ್ ದಾಟುವವರೆಗೂ ಕೈಗಳನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡು ಕೂತಿದ್ದ.

ನಾಲ್ಕು ಗಂಟೆಗೆ ಆರ್ದೆಶ್. ಕ್ಯಾರವಾನ್ ಒಳಗೆ ಬರುತ್ತಲೇ ಸಾಲಿನುದ್ದಕ್ಕೂ ಕುರ್ಚಿಗಳು ತಿರುಗಿದವು. ಓಡಿಸುವ ಜಾಗದಲ್ಲಿ ಹಿಲ್ಲಿಯನ್ನು ಕಂಡು ಕೆಲವರು ಎದ್ದೇ ನಿಂತರು. ಷರತ್ತಿನ ಸುದ್ದಿ ಬೌವೆಗೆ ಗೊತ್ತಿತ್ತು. ಬೌವೆಗೆ ಗೊತ್ತಿದ್ದದ್ದು ನದಿಯ ಮೀನಿಗೂ ಗೊತ್ತಿರುತ್ತಿತ್ತು.

ರೂಲೊಫ್ ಇಳಿದು ಹಿಂದಕ್ಕೆ ಹೋದ. ಫೆಮ್ಕೆ, ಮಿರ್ತೆ ಬದಿಗೆ ನಿಂತರು. ಹದಿನಾಲ್ಕನೇ ನಂಬರು ಒಂದು ನಲ್ಲಿಗೂ ಒಂದು ದಪ್ಪ ಮರಕ್ಕೂ ನಡುವಿನ ಜಾಗ. ಹಿಲ್ಲಿ ಮೊದಲ ಸಲ ಹಿಂದೆ ಬಿಟ್ಟಾಗ ಬಾಲ ನಲ್ಲಿಯ ಕಡೆ ಹೋಯಿತು. ಮುಂದೆ ತಂದಳು. ಎರಡನೇ ಸಲ ಕಾರೂ ಕ್ಯಾರವಾನೂ ಮಡಚಿಕೊಂಡು ನಿಂತವು. ಯಾರೋ ಅಯ್ಯೋ ಎಂದರು. ಮತ್ತೆ ಮುಂದೆ ತಂದಳು.

ಕನ್ನಡಿಯಲ್ಲಿ ನೋಡಿದರೆ ಕಾಫಿ ಕಪ್ಪುಗಳು ಹುಲ್ಲಿನ ಮೇಲೆ ಇಳಿಯುತ್ತಿದ್ದವು. ಮೊದಲು ಬೌವೆಯ ಹೊಟ್ಟೆ ಬಂತು, ಆಮೇಲೆ ಬೌವೆ, ಅವನ ಹಿಂದೆ ಅಂಗಿಯ ತೋಳು ಮಡಿಸಿದ ಇನ್ನೂ ಐದು ಜನ. ಎಲ್ಲರೂ ಕ್ಯಾರವಾನಿನ ಹಿಂದಕ್ಕೆ ಹೋಗಿ ಮರೆಯಾದರು. ರೂಲೊಫ್ ಎಲ್ಲೂ ಕಾಣಲಿಲ್ಲ. ಅವನ ದನಿ ಮಾತ್ರ ಕೇಳುತ್ತಿತ್ತು, ಏನನ್ನೋ ಜೋರಾಗಿ ಕೂಗುತ್ತಿದ್ದ. ಕರೀತಿದಾನೆ ಪುಣ್ಯಾತ್ಮ, ಎಂದುಕೊಂಡಳು ಹಿಲ್ಲಿ, ಬನ್ರೋ ತಳ್ರೋ ಅಂತ ಕರೀತಿದಾನೆ. ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ತಳ್ಳಿದ್ರೆ ತಳ್ಳಲಿ, ನಾನಂತೂ ನಿಲ್ಲಿಸೋದಿಲ್ಲ.

ಸ್ಟಿಯರಿಂಗಿನ ಕೆಳಗಡೆ ಅಂಗೈ ಇಟ್ಟಳು. ಬಾಲ ಯಾವ ಕಡೆ ಹೋಗಬೇಕೋ ಕೈ ಆ ಕಡೆ. ಇಷ್ಟೇ ಇಷ್ಟು ಬಲಕ್ಕೆ. ನಲ್ಲಿ ಕನ್ನಡಿಯೊಳಗೆ ಬಂದು ಪಕ್ಕಕ್ಕೆ ಸರಿಯಿತು. ಮರ ಬಂತು, ಅದೂ ಸರಿಯಿತು. ಹಳದಿ ಪರದೆ ನೆರಳಿನೊಳಗೆ ಹೋಯಿತು. ಅವಳು ಕೈಬ್ರೇಕ್ ಎಳೆದು ಎಂಜಿನ್ ಆರಿಸಿದಳು.

ಮಿರ್ತೆ ಕಿಟಕಿಗೆ ಓಡಿಬಂದಳು. "ಅಜ್ಜಿ! ಅಜ್ಜ ಬೌವೆ ತಾತನ ಹೊಟ್ಟೆಗೆ ಕೈಯಿಟ್ಟು ಹಿಂದಕ್ಕೆ ನೂಕಿಬಿಟ್ಟ!"

ಹಿಲ್ಲಿ ಇಳಿದು ಹಿಂದಕ್ಕೆ ಹೋದಳು. ರೂಲೊಫ್ ಎರಡೂ ತೋಳು ಚಾಚಿ ನಿಂತಿದ್ದ. ಮುಖ ಜನದ ಕಡೆಗೆ, ಬೆನ್ನು ಕ್ಯಾರವಾನಿನ ಕಡೆಗೆ. ಬೆನ್ನಿಗೂ ಕ್ಯಾರವಾನಿಗೂ ನಡುವೆ ಒಂದು ಗೇಣು ಜಾಗ.

"ತಲೆ ಕೆಟ್ಟಿದ್ಯಾ ನಿಂಗೆ? ತಿರುಗಿ ನೋಡೋಕೇನಾಗಿತ್ತು? ಅರೆದು ಹಾಕಿಬಿಡ್ತಿದ್ದೆ ನಾನು!"

"ನೋಡೋದೇನಿದೆ?" ಎಂದ ರೂಲೊಫ್. ತೋಳು ಇನ್ನೂ ಇಳಿಸಿರಲಿಲ್ಲ. "ನೀನಲ್ವಾ ಓಡಿಸ್ತಿದ್ದಿದ್ದು."

ಹಿಲ್ಲಿಗೆ ಅವನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಅವನನ್ನು ಗಟ್ಟಿಯಾಗಿ ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಆರು ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಿಂದ ಎರಡನ್ನೂ ಮಾಡಲಿಲ್ಲ. ಅವನ ಎರಡು ತೋಳುಗಳನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದಳು.

ಬೌವೆ ಹೊಟ್ಟೆ ಸವರಿಕೊಳ್ಳುತ್ತಾ ಮುಂದೆ ಬಂದ. "ಏನಪ್ಪಾ ರೂಲೊಫ್, ಹಾಗಾದ್ರೆ ಕ್ಯಾರವಾನ್ ಕೊಡಲ್ವಾ ನಂಗೆ?"

"ನನ್ನನ್ನ ಯಾಕೆ ಕೇಳ್ತೀಯಾ?" ಎಂದ ರೂಲೊಫ್. "ಓಡಿಸೋಳನ್ನ ಕೇಳು."

ಬೌವೆ ಹಿಲ್ಲಿಯ ಕಡೆಗೆ ತಿರುಗಿದ. ಇಷ್ಟು ವರ್ಷಗಳಲ್ಲಿ ಕಾಫಿ ಇದೆಯಾ ಎನ್ನುವುದೊಂದು ಬಿಟ್ಟು ಅವನು ಅವಳನ್ನು ಇನ್ನೇನನ್ನೂ ಕೇಳಿದ್ದಿಲ್ಲ.

"ಇಲ್ಲ ಬೌವೆ," ಎಂದಳು ಹಿಲ್ಲಿ. "ಕೊಡಲ್ಲ."