ಸಾಕ್ಷಿ ಕೊಟ್ಟ ಮೇಲಿನ ಕೆಮ್ಮು

ಭಾನುವಾರ ಬಂತೆಂದರೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ದೇವರ ದಿನಕ್ಕೆ ಹೀಗೆ ಹೆದರುವ ಹೆಂಗಸು ಇಳಕಲ್ಲಿನಲ್ಲಿ ಇನ್ನೊಬ್ಬಳಿದ್ದಳೋ ಇಲ್ಲವೋ ಗೊತ್ತಿಲ್ಲ. ವಾರದ ಉಳಿದ ದಿನ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ಅದರ ಖಟಪಟದಲ್ಲಿ ನನ್ನ ಗಂಡನ ಕೆಮ್ಮು ಮುಚ್ಚಿಹೋಗುತ್ತಿತ್ತು. ಭಾನುವಾರ ಮಾತ್ರ ಮಗ್ಗ ಮುಟ್ಟುವ ಹಾಗಿರಲಿಲ್ಲ, ಅದು ಮಾವನವರ ಕಾಲದಿಂದ ಬಂದ ಕಟ್ಟಳೆ. ಓಣಿಯ ಬೇರೆ ಮನೆಗಳಲ್ಲಿ ಲಾಳಿಗಳು ಅತ್ತಿತ್ತ ಓಡುತ್ತಿರುವಾಗ ನಮ್ಮ ಮನೆ ಮೂಕವಾಗಿ ಕೂರುತ್ತಿತ್ತು. ಆ ಮೌನದಲ್ಲಿ ಅವರು ಕೆಮ್ಮಿದರೆ ಅತ್ತೆಗೆ ಕೇಳಿಬಿಡುತ್ತಿತ್ತು. ಅತ್ತೆಗೆ ಕೇಳಬಾರದು ಎಂದು ನಾವಿಬ್ಬರೂ ಜೀವ ಬಿಗಿಹಿಡಿದು ಕೂರುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ಅವರು, ನಾನು, ಅವರ ತಾಯಿ, ಮತ್ತು ಆಗಿನ್ನೂ ಸೆರಗು ಹಿಡಿದು ಓಡಾಡುತ್ತಿದ್ದ ನಮ್ಮ ಮಗಳು. ಅವರು ಸೀರೆ ನೇಯುವವರು. ನೂಲು ಸುತ್ತಿಕೊಡುವುದು ಅತ್ತೆಯ ಮತ್ತು ನನ್ನ ಕೆಲಸ. ಅವರಿಗೆ ಮೊದಲು ಜ್ವರ ಬಂತು, ಆಮೇಲೆ ಕೆಮ್ಮು ಹಿಡಿಯಿತು, ಮೈ ಇಳಿಯತೊಡಗಿತು. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದಾಗ ಟಿ.ಬಿ. ಅಂದರು. ಸೂಜಿ ಚುಚ್ಚಿದರು, ಗುಳಿಗೆ ಕೊಟ್ಟರು. "ಆರಾಮ ಅನಿಸಿದ್ರೂ ಬಿಡಬ್ಯಾಡ್ರಿ. ನಾ ಸಾಕು ಅನ್ನೂತನಾ ನುಂಗಬೇಕು" ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಗಂಡಸರಿಗೆ ಹೇಳಿದರೆ ತಲೆಗೆ ಹೋಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತೇನೋ.

ಅತ್ತೆ ಮಗನಿಗಾಗಿ ಪ್ರಾರ್ಥಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶುಕ್ರವಾರ ಉಪವಾಸ. ಮಗ್ಗದ ಪಕ್ಕದ ಬರಿನೆಲದ ಮೇಲೆ ಮೊಣಕಾಲೂರಿ ಕೂತರೆ ಎಬ್ಬಿಸಲು ನಾನೇ ತೋಳು ಹಿಡಿಯಬೇಕಿತ್ತು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು; ಬಾಯಿತುಂಬ ಬೈದು ಹಗುರಾಗುತ್ತಿದ್ದೆ. ಕೆಲವು ತಿಂಗಳಿಗೆ ಅವರ ಮಗನಿಗೆ ಹಸಿವು ಬಂತು, ಕೆನ್ನೆ ತುಂಬಿತು, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಇಳಿದರು. ಇಳಿದವರೇ ಮೊದಲು ನೇಯ್ದದ್ದು ಸೀರೆಯಲ್ಲ, ಕೆಂಪು ಅಂಚಿನ ಒಂದು ಬಿಳಿ ಬಟ್ಟೆ. ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಇಡುವ ಮೇಜಿಗೆ ಹಾಸಲಿಕ್ಕೆ ಎಂದು ಅತ್ತೆ ಹೊತ್ತಿದ್ದ ಹರಕೆ ಅದು.

ನಮ್ಮ ಚರ್ಚಿನ ಸಭೆಯಲ್ಲಿ ಒಂದು ರೂಢಿಯಿದೆ. ಕಷ್ಟ ಬಂದಾಗ ಎದ್ದು ಬಿನ್ನಹ ಹೇಳುತ್ತೇವೆ, ಎಲ್ಲರೂ ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಕಷ್ಟ ಕಳೆದಾಗ ಮತ್ತೆ ಎದ್ದು ಸಾಕ್ಷಿ ಕೊಟ್ಟು ಕಾಣಿಕೆ ಇಡುತ್ತೇವೆ. ಸಾಕ್ಷಿ ಕೊಟ್ಟರೆ ಆ ಬಿನ್ನಹ ಮುಗಿಯಿತು. ಮುಂದಿನ ವಾರದಿಂದ ಅದನ್ನು ಯಾರೂ ಎತ್ತುವುದಿಲ್ಲ. ಸುಗ್ಗಿ ಹಬ್ಬದ ದಿನ, ಜೋಳದ ತೆನೆ, ಕುಂಬಳಕಾಯಿ, ಕೋಳಿಗಳ ನಡುವೆ ಅತ್ತೆ ಆ ಬಟ್ಟೆ ಹಿಡಿದು ನಿಂತರು.

"ಕರ್ತನಿಗೆ ಸ್ತೋತ್ರ. ನನ್ನ ಮಗಾ ಸಾಯಾಕ ಬಿದ್ದಿದ್ದ. ನೀವೆಲ್ಲಾರೂ ಪ್ರಾರ್ಥನಾ ಮಾಡಿದ್ರಿ. ಇವತ್ತ ಆರಾಮ ಆಗ್ಯಾನ. ಪೂರಾ ಆರಾಮ ಆಗ್ಯಾನ."

ಜನ ಅತ್ತರು. ನಾನೂ ಕಣ್ಣೀರು ಹಾಕಿದೆ, ಸಂತೋಷಕ್ಕೇ ಹಾಕಿದೆ. ಸಂಜೆ ಅವರಿಗೆ ಗುಳಿಗೆ ಕೊಡಲು ಗೋಡೆಯ ಗೂಡಿಗೆ ಕೈ ಹಾಕಿದರೆ ಡಬ್ಬಿಯೇ ಇಲ್ಲ.

"ಅತ್ತಿ, ಗುಳಗಿ ಎಲ್ಲಿಟ್ಟೀರಿ?"

"ಇನ್ಯಾಕ ಗುಳಗಿ? ಮುಂಜಾನಿ ದೇವರ ಮುಂದ ಆರಾಮ ಆಗ್ಯಾನ ಅಂತ ಹೇಳಿ ಸಂಜೀಕ ಗುಳಗಿ ನುಂಗಿದ್ರ ದೇವರನ್ನ ಸುಳ್ಳಗಾರನ್ನ ಮಾಡಿದಂಗ."

"ಡಾಕ್ಟರು ಬಿಡಬ್ಯಾಡ ಅಂದಾರ್ರಿ."

"ಡಾಕ್ಟರ ದೊಡ್ಡಂವೋ, ದೇವರ ದೊಡ್ಡಂವೋ? ಹೇಳ ನೀ."

ಇಂಥ ಪ್ರಶ್ನೆಗೆ ಏನು ಹೇಳುತ್ತೀರಿ? ಡಾಕ್ಟರು ಅಂದರೆ ನಾನು ನಂಬಿಕೆಗೆಟ್ಟವಳು, ದೇವರು ಅಂದರೆ ಗುಳಿಗೆ ಹೋಯಿತು. ಗಂಡನ ಕಡೆ ತಿರುಗಿದೆ. ಮಗಳಿಗೆ ತುತ್ತು ತಿನ್ನಿಸುತ್ತಿದ್ದವರು ತಲೆ ಎತ್ತದೆ, "ಹೋಗ್ಲಿ ಬಿಡ. ಆರಾಮ ಅದೀನಲ್ಲ" ಅಂದರು. ಅಯ್ಯೋ ಪುಣ್ಯಾತ್ಮ! ತಾಯಿಯ ಮಾತು ಮೀರಬಾರದು ಎಂದು ಆ ಮನುಷ್ಯ ಯಾವ ಮುಹೂರ್ತದಲ್ಲಿ ಹುಟ್ಟಿದ್ದನೋ.

ಹಿಟ್ಟಿನ ಡಬ್ಬದ ಹಿಂದೆ ಗುಳಿಗೆ ಸಿಕ್ಕವು. ಉಳಿದಷ್ಟನ್ನು ಪುಡಿ ಮಾಡಿ ಪಲ್ಯದಲ್ಲಿ ಕಲಸಿ ಬಡಿಸಿದೆ. ಮೊದಲ ತುತ್ತಿಗೇ ಅವರ ಮುಖ ಹಿಂಡಿತು. ನನ್ನತ್ತ ನೋಡಿದರು. ತಟ್ಟೆ ಬಳಿದು ತಿಂದರು. ಅವು ಬೇಗ ಮುಗಿದವು. ಹೆಚ್ಚಿಗೆ ತರಬೇಕಾದರೆ ಅವರೇ ಬಾಗಲಕೋಟೆಗೆ ಹೋಗಬೇಕು, ಅವರು ಹೊರಡಲಿಲ್ಲ.

ಮಳೆಗಾಲದಲ್ಲಿ ಕೆಮ್ಮು ತಿರುಗಿ ಬಂತು. ಅವರು ಅದನ್ನು ಎಷ್ಟು ಜಾಣತನದಿಂದ ಮುಚ್ಚಿಟ್ಟರೆಂದರೆ ನನಗೇ ತಿಳಿಯಲು ಹೊತ್ತು ಹಿಡಿಯಿತು. ಮಗ್ಗದ ಬಡಿತ ಬೀಳುವ ಕ್ಷಣಕ್ಕೆ ಸರಿಯಾಗಿ ಕೆಮ್ಮುತ್ತಿದ್ದರು. ಒಂದು ಬಡಿತ, ಒಂದು ಕೆಮ್ಮು. ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಕೀರ್ತನೆ ಎತ್ತಿದಾಗ ಅದರಡಿಯಲ್ಲಿ ಕೆಮ್ಮುವರು. ಪಾದ್ರಿಗಳ ಪ್ರಸಂಗದ ಹೊತ್ತಿಗೆ ಟವೆಲ್ಲು ಬಾಯಿಗೆ ಒತ್ತಿ ಹಿಡಿದು ಕೂರುವರು, ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬರುವುದು. ಮೊದಲೇ ನಾನು ಬಾಯಿ ಜೋರಿನವಳು. ಅವರ ಕೆಮ್ಮು ಮುಚ್ಚಲಿ ಎಂದು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದೆ. ಹೊರಗೆ ಬಂದಾಗ ಹೆಂಗಸರು, "ಏನ್ ಭಕ್ತಿಲೇ ಹಾಡ್ತಿಯವ್ವಾ!" ಅನ್ನುವರು. ಭಕ್ತಿಯಂತೆ ಭಕ್ತಿ! ನನ್ನ ಹೊಟ್ಟೆಯ ಉರಿ ನನಗೇ ಗೊತ್ತು.

ಪಕ್ಕದ ಮನೆಯ ಲಿಂಗಾಯತರ ಹೆಂಗಸು, ನಾವು ಕಾಕು ಅನ್ನುತ್ತಿದ್ದವರು, ಒಂದು ದಿನ ಹಿತ್ತಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡರು. "ನಿನ್ನ ಗಂಡನ ಕೆಮ್ಮ ಗ್ವಾಡಿ ಆಚೆ ಕೇಳತೈತಿ. ನಿನ್ನೆ ಕೂಡಲಸಂಗಮಕ್ಕ ಹೋಗಿದ್ದೆ, ಅವನ ಸಲುವಾಗೂ ಬೇಡ್ಕೊಂಡ ಬಂದೇನಿ. ನಿಮ್ಮ ದೇವರು ಸಿಟ್ಟಾಗೂದಿಲ್ಲಲ್ಲ?"

"ಆಗ್ಲಿ ಬಿಡ್ರಿ ಕಾಕು. ಸಿಟ್ಟಿಗೆದ್ದರ ಈ ಕಡೆ ನೋಡ್ಲಿ" ಅಂದೆ. ಅವರು ನನ್ನ ತಲೆ ಸವರಿದರು.

ಗೋಡೆಯಾಚೆಯ ಕಾಕುವಿಗೆ ಕೇಳಿಸಿದ್ದು ಒಂದೇ ಸೂರಿನಡಿಯ ತಾಯಿಗೆ ಕೇಳಿಸಿರಲಿಲ್ಲವೇ? ಕೇಳಿಸಿತ್ತು. ಸಂಜೆಯ ಮನೆಪ್ರಾರ್ಥನೆಯಲ್ಲಿ ಅವರ ಸ್ತೋತ್ರಗಳು ದಿನದಿನಕ್ಕೆ ಉದ್ದವಾಗುತ್ತಿದ್ದವು. ಆರಾಮ ಮಾಡಿದಿ ಸ್ವಾಮಿ, ಪೂರಾ ಆರಾಮ ಮಾಡಿದಿ ಸ್ವಾಮಿ ಎಂದು ಕಣ್ಣು ಗಟ್ಟಿಯಾಗಿ ಮುಚ್ಚಿ ಹೇಳುವರು. ಮಗ ಪಕ್ಕದಲ್ಲಿ ಉಸಿರು ಹಿಡಿದು ಆಮೆನ್‌ಗೆ ಕಾಯುವರು.

ಆಮೇಲೆ ಒಂದು ದಿನ ಟವೆಲ್ಲು ಒಗೆಯುವಾಗ ನೀರು ಕೆಂಪಾಯಿತು. ಹಿಂಡದೆ ಹಾಗೇ ತಂದು ಅವರ ಮುಂದೆ ಹಿಡಿದೆ.

"ಸೆರಗಿನ ನೂಲಿನ ಬಣ್ಣ ಹತ್ತೇತಿ" ಅಂದರು.

ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವಳು ನಾನು. ನೂಲಿನ ಕೆಂಪು ಯಾವುದು, ಮನುಷ್ಯನ ಕೆಂಪು ಯಾವುದು ನನಗೆ ತಿಳಿಯದೇ? "ನಡೀರಿ, ಈಗಿಂದೀಗ ಬಾಗಲಕೋಟಿಗೆ ಹೋಗೂಣು" ಎಂದು ಅವರ ಕೈ ಹಿಡಿದು ಎಳೆದೆ. ಮಗ್ಗದ ಕುಣಿಯಿಂದ ಅವರು ಏಳಲಿಲ್ಲ. "ಅವ್ವ ತಡಕೊಳ್ಳೂದಿಲ್ಲ. ಎಲ್ಲಾರ ಮುಂದ ಹೇಳ್ಯಾಳ. ಅಕಿ ಮಾರಿ ಹೆಂಗ ತೋರಸ್ತಾಳ?" ಅಂದರು. ನನ್ನ ಮಾರಿ, ಮಗಳ ಮಾರಿ ಯಾರು ನೋಡಬೇಕು ಎಂದು ಕೂಗಿದೆ. ಅವರು ಕಾಲಿನ ಹಲಗೆ ಒತ್ತಿದರು, ಮಗ್ಗ ಬಡಿಯಿತು, ನನ್ನ ಕೂಗು ಅದರಲ್ಲಿ ಹೋಯಿತು.

ಆ ದಿನಗಳಲ್ಲಿ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ ದೇವರೊಂದಿಗೆ ಜಗಳಾಡುತ್ತಿದ್ದೆ. ನಿನ್ನ ಮಾನ ಉಳಸಾಕ ನನ್ನ ಗಂಡ ಸಾಯಬೇಕೇನು? ನಿನಗ ಅಷ್ಟು ಮಾನದ ಚಿಂತಿ ಇದ್ದರ ಖರೇನ ಆರಾಮ ಮಾಡಬೇಕಾಗಿತ್ತಲ್ಲ? ಬೈದು ಬೈದು ಸಾಕಾಗಿ ಕೊನೆಗೆ ಬೇಡಿದೆ: ಆರಾಮ ಮಾಡದಿದ್ದರೂ ಇರಲಿ, ಬರುವ ಭಾನುವಾರ ಎಲ್ಲರೆದುರು ಅವರಿಗೆ ಕೆಮ್ಮು ಬರಲಿ, ರಕ್ತ ಬೀಳಲಿ, ಜನ ನೋಡಲಿ. ಗಂಡನ ಬಾಯಲ್ಲಿ ರಕ್ತ ಬರಲಿ ಎಂದು ಬೇಡುವ ಗತಿ ನನಗೆ ಬಂದಿತ್ತು. ಹೆಂಚಿನ ಮೇಲೆ ರೊಟ್ಟಿ ಸೀದು ಕರಿಯಾಗಿತ್ತು.

ಆ ಭಾನುವಾರ ಕೀರ್ತನೆ ಎತ್ತಿದಾಗ ನಾನು ಹಾಡಲಿಲ್ಲ. ಬಾಯಿ ಮುಚ್ಚಿ ನಿಂತೆ. ಈಗ ಕೇಳಿಸುತ್ತದೆ, ಈಗ ಕೇಳಿಸುತ್ತದೆ ಎಂದು ಕಾದೆ. ಅವರು ತಡೆದುಕೊಂಡರು. ಪ್ರಸಂಗದಲ್ಲೂ ತಡೆದುಕೊಂಡರು. ತಿರುಗಿ ನೋಡಿದರೆ ಮುಖ ನೀಲಿಗಟ್ಟಿದೆ, ಟವೆಲ್ಲು ಹಲ್ಲಿನಲ್ಲಿದೆ. ನನ್ನ ಆ ಒಂದು ಬೇಡಿಕೆಯನ್ನೂ ದೇವರು ನಡೆಸಲಿಲ್ಲ. ಮುಂದೆ ಮೇಜಿನ ಮೇಲೆ ಅವರೇ ನೇಯ್ದ ಬಿಳಿ ಬಟ್ಟೆ ಹಾಸಿತ್ತು. ಬಿನ್ನಹ ಇದ್ದವರು ಹೇಳಿ ಎಂದು ಪಾದ್ರಿಗಳು ಕೇಳಿದರು. ನಾನು ಎದ್ದೆ. ಪಕ್ಕದಲ್ಲಿದ್ದ ಅತ್ತೆ ನನ್ನ ಸೀರೆ ಹಿಡಿದೆಳೆದರು. ನಾನು ಕೂರಲಿಲ್ಲ.

"ನನ್ನ ಗಂಡಗ ಆರಾಮ ಆಗಿಲ್ರಿ. ಕೆಮ್ಮಿನಾಗ ರಕ್ತ ಬೀಳಾಕತ್ತೇತಿ. ಸಾಕ್ಷಿ ಕೊಟ್ಟೇವಿ ಅಂತ ಗುಳಗಿ ಬಿಟ್ಟೇವಿ. ಮತ್ತ ಪ್ರಾರ್ಥನಾ ಮಾಡ್ರಿ. ಇಲ್ಲಾ ದವಾಖಾನಿಗೆ ಹೋಗಂತ ಅವರಿಗೆ ಹೇಳ್ರಿ. ಏನರ ಒಂದ ಮಾಡ್ರಿ."

ಆಗ ಹಿಂದಿನ ಸಾಲಿನಲ್ಲಿ ಅವರು ಕೆಮ್ಮಿದರು. ಎಷ್ಟು ತಿಂಗಳಿನದೋ ಅದು, ನಿಲ್ಲಲೇ ಇಲ್ಲ. ಬೆಂಚಿನ ಮೇಲೆ ಬಗ್ಗಿ, ಒಂದು ಕೈ ನೆಲಕ್ಕೆ ಊರಿ ಕೆಮ್ಮಿದರು. ಪಾದ್ರಿಗಳು ಓಡಿಬಂದು ಅವರ ಬೆನ್ನು ನೀವುತ್ತ ನನ್ನನ್ನು ಕೇಳಿದರು: "ಗುಳಗಿ ಬಿಡ್ರಿ ಅಂತ ಯಾರ ಹೇಳಿದ್ರವ್ವಾ? ನಾ ಹೇಳಿದ್ನೇನು?"

ಇಲ್ಲ, ಅವರು ಹೇಳಿರಲಿಲ್ಲ. ಸಭೆಯಲ್ಲಿ ಯಾರೂ ಹೇಳಿರಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ನಾವು ಯಾರನ್ನೂ ಕೇಳಿರಲಿಲ್ಲ, ಸಾಕ್ಷಿ ಕೊಟ್ಟವರ ಮನೆಯಲ್ಲಿ ಇನ್ನೂ ಗುಳಿಗೆ ಇದೆ ಎಂದು ಗೊತ್ತಾದೀತೆಂಬ ನಾಚಿಕೆಗೆ.

ಮರುದಿನವೇ ಮಗಳನ್ನು ಕಾಕುವಿನ ಮನೆಯಲ್ಲಿ ಬಿಟ್ಟು ಹೊರಟೆವು. ಹುನಗುಂದ ದಾಟಿ ಬಾಗಲಕೋಟೆ ಮುಟ್ಟುವವರೆಗೆ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಯೇ ಕೂತಿದ್ದರು. ಡಾಕ್ಟರು ಎಕ್ಸ್-ರೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಇಳಿಸಿದರು, ಮತ್ತೆ ಹಿಡಿದರು.

"ನಡಬರಕ ಯಾಕ ಬಿಟ್ರಿ?"

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡನೇ ಹೇಳಿದರು: "ಮರತೆರಿ ಸಾಹೇಬ್ರ. ಮಗ್ಗದ ಕೆಲಸದಾಗ ಮರತ ಹೋತು."

ಡಾಕ್ಟರು ರೇಗಿದರು. ಮರೆಯುವ ವಿಷಯವೇನ್ರಿ ಇದು ಎಂದರು. ಆಮೇಲೆ ದನಿ ತಗ್ಗಿಸಿ, ನಡುವೆ ಬಿಟ್ಟಿದ್ದರಿಂದ ಹಳೆಯ ಔಷಧಿ ಇನ್ನು ನಾಟುವುದು ಕಷ್ಟ, ನೋಡೋಣ ಅಂದರು. ನೋಡಿದರು, ಪಾಪ, ಕೈಲಾದದ್ದೆಲ್ಲ ಮಾಡಿದರು. ವಾರ್ಡಿನಲ್ಲಿ ಒಂದು ಮಧ್ಯಾಹ್ನ ನನ್ನ ಗಂಡ ದೊಡ್ಡದಾಗಿ ಕೆಮ್ಮಿ, ಬಾಯಿ ಒರೆಸಿಕೊಂಡು, "ಇಲ್ಲಿ ಮುಚ್ಚೂದ ಇಲ್ಲ ನೋಡ, ಅದ ಛಲೋ ಆತು" ಎಂದು ನಕ್ಕರು. ಬೇಸಿಗೆ ಬರುವ ಮೊದಲೇ ಹೋದರು. ಮಣ್ಣು ಕೊಟ್ಟು ಬಂದ ಮೇಲೆ ನಾನು ಮಗ್ಗದ ಕುಣಿಯಲ್ಲಿ ಇಳಿದು ಕೂತೆ. ಎಬ್ಬಿಸಲು ಯಾರೂ ಬರಲಿಲ್ಲ.

ಅಂದಿನಿಂದ ಅತ್ತೆ ಬಾಯಿ ಬಿಟ್ಟು ಪ್ರಾರ್ಥಿಸುವುದನ್ನು ನಿಲ್ಲಿಸಿದರು. ಸಂಜೆ ಮೂವರೂ ಕೂರುತ್ತಿದ್ದೆವು, ಅವರ ಸರದಿ ಬಂದಾಗ ಸುಮ್ಮನಿರುವರು. ನನಗೂ ಅವರಿಗೂ ಮಾತು ಕಡಿಮೆ. ಒಂದೇ ಗಡಿಗೆಯ ಸಾರು ಉಣ್ಣುತ್ತಿದ್ದೆವು, ಒಂದೇ ರಾಟೆಯಲ್ಲಿ ಬೇರೆಯವರಿಗೆ ನೂಲು ಸುತ್ತಿಕೊಡುತ್ತಿದ್ದೆವು. ನಾನು ಅವರನ್ನು ಕ್ಷಮಿಸಿರಲಿಲ್ಲ. ಕರ್ತನ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು ಎಂಬ ಮಾತು ಬರುವ ಕಡೆ ನನ್ನ ನಾಲಿಗೆ ನಿಲ್ಲುತ್ತಿತ್ತು. ದೇವರನ್ನೂ ಕ್ಷಮಿಸಿರಲಿಲ್ಲ, ಆದರೂ ಭಾನುವಾರ ತಪ್ಪಿಸಲಿಲ್ಲ. ಬೇರೆಲ್ಲಿಗೆ ಹೋಗಲಿ?

ಎಂಬತ್ತರ ದಶಕ ಬಂತು, ಮಗಳು ಶಾಲೆಗೆ ಹೋಗತೊಡಗಿದಳು. ಒಂದು ಭಾನುವಾರ ಪ್ರಸಂಗ ನಡೆದಿರುವಾಗ ಅವಳಿಗೆ ಕೆಮ್ಮು ಬಂತು. ಕೆಮ್ಮಿದಳು, ಇನ್ನೊಮ್ಮೆ ಕೆಮ್ಮಿದಳು. ಎಲ್ಲರೂ ನೋಡುತ್ತಾರೆಂದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅಷ್ಟೇ, ಅತ್ತೆ ಎದ್ದರು. ಆ ಕೈಯನ್ನು ಬಾಯಿಂದ ಕಿತ್ತು, ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ಹುಡುಗಿಯನ್ನು ಬಗಲಿಗೆತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದರು. ನಾನು ಹಿಂದೆ ಓಡಿದೆ. ಪೇಟೆಯ ಡಾಕ್ಟರ ಮನೆಯ ಬಾಗಿಲು ಬಡಿದು ಅವರನ್ನು ಊಟದಿಂದ ಎಬ್ಬಿಸಿದರು.

ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ಗಂಟಲು ನೋಡಿ ನಕ್ಕರು. "ಏನಿಲ್ರಿ ಅಮ್ಮಾ, ಥಂಡಿ ಆಗೇತಿ ಅಷ್ಟ. ಈ ಗುಳಗಿ ಕೊಡ್ರಿ. ಆರಾಮ ಆದಕೂಡಲೇ ಬಿಟ್ಟಬಿಡ್ರಿ."

ಅತ್ತೆ ಗುಳಿಗೆಯ ಪೊಟ್ಟಣವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡರು. ವರ್ಷಗಳಿಂದ ದೇವರ ಮುಂದೆಯೂ ಬಾಯಿ ಬಿಡದಿದ್ದ ಮುದುಕಿ ಡಾಕ್ಟರ ಕಾಲ ಬಳಿ ಕುಸಿದು ಹೇಳಿದರು:

"ಬಿಡೂದಿಲ್ರಿ ಸಾಹೇಬ್ರ. ಆರಾಮ ಆದ್ರೂ ಬಿಡೂದಿಲ್ಲ. ಈ ಸಲ ನಡಬರಕ ಬಿಡೂದಿಲ್ರಿ."